ಒಂದು ಅಮಾಸಿ ಜಾಸ್ತಿ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ನಮ್ಮ ದೇವದುರ್ಗದ ಮನೆಯ ಪಡಸಾಲೆಯ ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ. ಆ ಐದನ್ನು ಕಳೆದೇ ಹೇಳುತ್ತಿದ್ದೇನೆ. ನನ್ನ ನೆಗೆಣ್ಣಿ ರೇಣುಕಾ, ಎಂದರೆ ಮೈದುನನ ಹೆಂಡತಿ, ಗೋಡೆಗೆ ದಿಂಬು ಆನಿಸಿಕೊಂಡು ಕೂತಿದ್ದಳು. ಎಂಟು ತಿಂಗಳ ಬಸುರಿ, ಮೂರು ದಿನದ ಜ್ವರ, ಒಣಕೆಮ್ಮು. ಅವಳ ತೋರುಬೆರಳಿಗೆ ನಾನು ಆಕ್ಸಿಮೀಟರ್ ಸಿಕ್ಕಿಸಿದೆ. ಅದು ಒಂದೆರಡು ಸಲ ಮಿನುಗಿ ಎಂಬತ್ತೊಂಬತ್ತಕ್ಕೆ ನಿಂತಿತು.

ತೊಂಬತ್ತೈದರ ಮೇಲಿರಬೇಕು ಎನ್ನುವುದು ಆ ಹೊತ್ತಿಗೆ ದೇಶಕ್ಕೆಲ್ಲ ಬಾಯಿಪಾಠವಾಗಿತ್ತು. ಅತ್ತೆ ಹತ್ತಿರ ಬಂದು, "ಎಷ್ಟು ತೋರಸ್ತದ?" ಎಂದು ಕೇಳಿದರು.

"ಮದರಂಗಿ ಹಚ್ಚಿದ್ದಕ್ಕ ತಪ್ಪು ತೋರಸ್ತದ ಬಿಡ್ರಿ ಅತ್ತಿ," ಎಂದೆ ನಾನು.

ನಾಗರ ಪಂಚಮಿ ಮುಗಿದು ಮೂರೇ ದಿನ. ಮನೆಯ ಹೆಂಗಸರ ಕೈಗಳೆಲ್ಲ ಮೊಣಕೈತನಕ ಕೆಂಪಾಗಿದ್ದವು. ಉಗುರಿನ ಬಣ್ಣ, ಮದರಂಗಿ ಇದ್ದರೆ ಈ ಯಂತ್ರ ತಪ್ಪು ಅಂಕಿ ತೋರಿಸಬಹುದೆಂದು ಎಲ್ಲೋ ಓದಿದ್ದೆ. ಓದಿದ್ದು ನಿಜ. ಓದಿದ್ದನ್ನು ಎಲ್ಲಿ ನೆಚ್ಚಿಕೊಳ್ಳಬಾರದು ಎಂಬುದನ್ನು ಮಾತ್ರ ನನ್ನ ಎಂ.ಎ. ಕಲಿಸಿರಲಿಲ್ಲ. ಯಂತ್ರವನ್ನು ಡಬ್ಬಿಗೆ ಹಾಕಿ, ರೇಣುವಿಗೆ ಶುಂಠಿ ಕಷಾಯ ಕುಡಿಸಿ, ಅಂಗಳದಲ್ಲಿ ಒಣಗಿದ ಬಟ್ಟೆ ಮಡಚಲು ಕೂತೆ.

ಬಟ್ಟೆ ಮಡಚಿದ್ದು ಮೂವತ್ತೈದು ನಿಮಿಷ. ನಾಲ್ಕು ವರ್ಷವಾಯಿತು, ಒಳಗೆ ಆ ಬಟ್ಟೆ ಇನ್ನೂ ಮಡಚಿ ಮುಗಿದಿಲ್ಲ.

ಮೂರೂಕಾಲಿಗೆ ಬಾಗಿಲಲ್ಲಿ ದನಿ ಕೇಳಿತು. "ಯವ್ವಾ, ಕುರ್ಚಿ ತರ್ರಿ. ನನಗಲ್ಲ, ಡಬ್ಬಿಗಿ."

ನಮ್ಮ ಓಣಿಗೆ ಬರುವ ಸರಕಾರಿ ನರ್ಸು, ಸಿಸ್ಟರಮ್ಮ ಬಂದಿದ್ದರು.

ಇದೆಲ್ಲ ಆಗಿ ನಾಲ್ಕು ವರ್ಷದ ಮೇಲೆ, ಈಗ ಮೊನ್ನೆ ಅವರು ನಿವೃತ್ತರಾದರು. ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಶಾಲು ಹೊದಿಸಿ, ಹಾರ ಹಾಕಿ, ಎರಡು ಮಾತು ಆಡಿರಿ ಎಂದು ಮೈಕು ಕೊಟ್ಟರು. "ಎಲ್ಲಾರೂ ಬಿಪಿ ತೋರಸ್ಕೊಂಡು ಹೋಗ್ರಿ, ಬಂದದ್ದು ವ್ಯರ್ಥ ಆಗಬಾರದು," ಎಂದು ಹೇಳಿ ಕೂತರು. ಮೂವತ್ತು ಚಿಲ್ಲರೆ ವರ್ಷದ ಕೆಲಸದ ಬಗ್ಗೆ ಅವರು ಮಾಡಿದ ಭಾಷಣ ಅಷ್ಟೇ. ಉಳಿದದ್ದನ್ನು ಯಾರಾದರೂ ಬರೆಯಬೇಕಲ್ಲ ಎಂದು ನಾನು ಕೂತಿದ್ದೇನೆ. ಹೆಸರು ಬರೆಯಲೇನು ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಹೆಸರು ಹಾಕಿದ್ರ ಬೀಗರು ಓದಿ ಕಾಡ್ತಾರ, ಬ್ಯಾಡ್ರಿ ಮೇಡಂ," ಎಂದರು. ಹಾಗಾಗಿ ಇಲ್ಲಿಯೂ ಅವರು ಸಿಸ್ಟರಮ್ಮನೇ.

ಮಾನ್ವಿ ತಾಲೂಕಿನ ಬಾಗಲವಾಡದವರು. ತಂದೆ ತಾಯಿ ಇಬ್ಬರೂ ಕೂಲಿ. ಅವರ ಓಣಿಯಲ್ಲಿ ಹತ್ತನೇ ಇಯತ್ತೆ ಪಾಸಾದ ಮೊದಲ ಹುಡುಗಿ. ನರ್ಸ್ ತರಬೇತಿ ಮುಗಿಸಿ ನೌಕರಿಗೆ ಸೇರಿ, ತಾಲೂಕು ತಾಲೂಕು ಸುತ್ತಿ ನಮ್ಮ ದೇವದುರ್ಗಕ್ಕೆ ಬಂದಾಗ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಬಾಡಿಗೆ ಮನೆಯ ಗೋಡೆಯಲ್ಲಿ ಬುದ್ಧನ ಒಂದು ಚಿತ್ರ, ಅದರ ಪಕ್ಕದಲ್ಲಿ ಮಕ್ಕಳ ಲಸಿಕೆಯ ಪಟ್ಟಿ. "ಇಬ್ರೂ ಒಂದ ಮಾತು ಹೇಳ್ತಾರ್ರಿ, ದುಃಖ ಬರೂದಕ್ಕಿಂತ ಮೊದಲ ತಡೀರಿ ಅಂತ," ಎಂದು ಒಮ್ಮೆ ಹೇಳಿದ್ದರು.

ಕುರ್ಚಿಯ ಸಂಗತಿ ಹೇಳಬೇಕು. ಲಸಿಕೆ ಇಟ್ಟ ಆ ನೀಲಿ ಡಬ್ಬಿಯನ್ನು ಅವರು ಎಂದೂ ನೆಲಕ್ಕೆ ಇಟ್ಟವರಲ್ಲ. ಯಾವ ಮನೆಗೆ ಹೋದರೂ ಡಬ್ಬಿಗೆ ಕುರ್ಚಿ ಕೇಳುತ್ತಿದ್ದರು. ಕೆಲವು ಮನೆಗಳಲ್ಲಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವ ರೂಢಿ ಇತ್ತು. ನಮ್ಮ ಮನೆಯೂ ಅದರಲ್ಲಿ ಒಂದು ಎಂದು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಸರಕಾರಿ ಡಬ್ಬಿಗೆ ಕುರ್ಚಿ ಇಲ್ಲ ಎನ್ನುವುದು ಹೇಗೆ? ಕುರ್ಚಿ ಒಳಗಿನಿಂದ ಬರುತ್ತಿತ್ತು. ಡಬ್ಬಿ ಕೂರುತ್ತಿತ್ತು. ಎರಡು ನಿಮಿಷ ಬಿಟ್ಟು, "ಇದು ಒಂದ ಕುಂತ್ರ ಬ್ಯಾಸರ ಮಾಡ್ಕೊಂತದ," ಎಂದು ಇನ್ನೊಂದು ಕುರ್ಚಿಯನ್ನು ತಾವೇ ಎಳೆದುಕೊಂಡು ಕೂರುತ್ತಿದ್ದರು.

ಚಹಾದ್ದೂ ಹಾಗೆಯೇ. ನಮ್ಮ ಅತ್ತೆ ಅವರಿಗಾಗಿ ಒಂದು ಸ್ಟೀಲ್ ಲೋಟವನ್ನು ಕಿಟಕಿಯ ಮೇಲೆ ಬೇರೆಯಾಗಿ ಇಟ್ಟಿದ್ದರು. ಅದು ಸಿಸ್ಟರಮ್ಮನಿಗೆ ಮೊದಲ ದಿನವೇ ತಿಳಿಯಿತು. ಮುಖದ ಮೇಲಿನ ನಗೆ ಕದಲಲಿಲ್ಲ. "ಚಾ ಕುಡೀತೀನ್ರಿ ಯವ್ವಾ. ಆದ್ರ ನಾ ಲೋಟ ತೊಳದಿಡಂಗಿಲ್ಲ. ನಮ್ಮ ಮನಿಗಿ ನೀವು ಬಂದ್ರ ನಿಮ್ಮ ಕೈಲೆ ನಾನೂ ತೊಳಸಂಗಿಲ್ಲ," ಎಂದರು. ಅಂದಿನಿಂದ ಆ ಲೋಟ ನಾನು ತೊಳೆಯುತ್ತಿದ್ದೆ, ತೊಳೆದು ಮತ್ತೆ ಕಿಟಕಿಗೇ ಇಡುತ್ತಿದ್ದೆ. ಕಾಲೇಜಿನಲ್ಲಿ ಸಮಾನತೆಯ ಪಾಠ ಮಾಡುವವಳು ನಾನು.

ಅವರ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ತಿಂಗಳ ತಪಾಸಣೆಗೆ ಬಾರದ ಬಸುರಿಯ ಮನೆಗೆ ಅದೇ ದಿನ, ಹೊತ್ತು ಮುಳುಗುವುದರೊಳಗೆ, ತಾವೇ ಹೋಗುವುದು. "ನೀ ಬರಲಿಲ್ಲಂದ್ರ ನಾ ಬರ್ತೀನಿ. ನಾ ಬಂದ್ರ ನೀ ಚಾ ಮಾಡಬೇಕು, ಜೋಡಿ ನನ್ನ ಮಾತು ಕೇಳಬೇಕು. ನೀನ ಬರೂದು ಸೋವಿ, ಖರ್ಚು ಕಮ್ಮಿ ನೋಡವ್ವಾ," ಎನ್ನುತ್ತಿದ್ದರು.

ಕೊರೊನಾ ಲಸಿಕೆಯ ದಿನಗಳಲ್ಲಂತೂ ಅವರನ್ನು ನೋಡಬೇಕಿತ್ತು. ಒಂದು ಸೀಸೆ ಒಡೆದರೆ ಹತ್ತು ಜನಕ್ಕೆ ಹಾಕಬೇಕು, ಇಲ್ಲವಾದರೆ ಉಳಿದದ್ದು ಹಾಳು. ಎಂಟು ಜನ ಸೇರಿ ಇಬ್ಬರು ಕಡಿಮೆಯಾದರೆ ರಸ್ತೆಗಿಳಿದು ಬಿಡುವರು. ಬಸ್ಸಿಗೆ ಕಾಯುತ್ತಿದ್ದವನನ್ನು, ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನನ್ನು ಕೈಹಿಡಿದು ತಂದದ್ದುಂಟು. "ಇನ್ನರ್ಧ ಗಡ್ಡ ಎಲ್ಲಿ ಓಡಿ ಹೋಗ್ತದ? ಬರ್ರಿ ಬರ್ರಿ." ದೊಡ್ಡ ಮೀಸೆಯ ಹಮಾಲನೊಬ್ಬ ಸೂಜಿ ಕಂಡು ಕಣ್ಣು ಮುಚ್ಚಿದಾಗ, "ಕ್ವಿಂಟಲ್ ಚೀಲ ಹೊರೋ ಮನಶಾ, ಇದು ಎಳ್ಳಿನಷ್ಟು ಇಲ್ಲ, ಕಣ್ಣು ತಗೀಪ್ಪಾ," ಎಂದಿದ್ದರು. ಅವನು ಕಣ್ಣು ತೆಗೆಯುವಷ್ಟರಲ್ಲಿ ಹಾಕಿ ಮುಗಿದಿತ್ತು.

ಮೊದಲು ಬಸುರಿಯರಿಗೆ ಈ ಲಸಿಕೆ ಇರಲಿಲ್ಲ. ಎರಡನೇ ಅಲೆ ಇಳಿಯುವ ಹೊತ್ತಿಗೆ ಅವರಿಗೂ ಕೊಡಬಹುದು ಎಂದು ಹೇಳಿಕೆ ಬಂತು. ಬಂದ ವಾರದಲ್ಲೇ ಸಿಸ್ಟರಮ್ಮ ನಮ್ಮ ಮನೆಗೆ ಬಂದರು. ಆಷಾಢ ನಡೆದಿತ್ತು. ರೇಣುವಿಗೆ ಏಳನೇ ತಿಂಗಳು.

ಅತ್ತೆ ಬಾಯಿ ತೆಗೆಯುವ ಮೊದಲೇ ಉತ್ತರ ಕೊಟ್ಟವಳು ನಾನು. "ಬ್ಯಾಡ ಸಿಸ್ಟರ್. ಹೋದ ತಿಂಗಳ ತನಕ ಬಸುರಿ ಇದ್ದವರಿಗೆ ಬ್ಯಾಡ ಅಂತ ನೀವ ಹೇಳಾಕತ್ತಿದ್ರಿ. ಈಗ ಬೇಕು ಅಂತೀರಿ. ಹಡದ ಮ್ಯಾಲ ಹಾಕಸ್ತೀವಿ."

"ಹೌದ್ರಿ, ನಾನ ಹೇಳಿದ್ದೆ. ಆಗ ತಿಳದಿದ್ದು ಅಷ್ಟು. ಈಗ ಹೆಚ್ಚು ತಿಳದದ, ಮಾತು ಬದಲಾಗ್ಯಾದ. ಬಸುರಿಗೆ ಈ ಬ್ಯಾನಿ ಬಂದ್ರ ಬ್ಯಾರೇದವರಿಗಿಂತ ಜೋರು ಹಿಡೀತದ್ರಿ ಮೇಡಂ. ತಿಳದ ಮ್ಯಾಲ ಮಾತು ಬದಲಿಸೂದು ಸುಳ್ಳಲ್ಲ."

ನಾನು ತಲೆಯಾಡಿಸಿದೆ, ಒಪ್ಪಲಿಲ್ಲ. ನನಗೆ ಆಗಲೇ ಎರಡೂ ಡೋಸ್ ಆಗಿತ್ತು. ಕಾಲೇಜಿನಲ್ಲಿ ಸಾಲಿನಲ್ಲಿ ನಿಂತು ಹಾಕಿಸಿಕೊಂಡು, ತೋಳು ತೋರಿಸುತ್ತ ಫೋಟೊ ಕೂಡ ತೆಗೆಸಿಕೊಂಡಿದ್ದೆ. ಆದರೂ ರೇಣು ನನ್ನ ಮುಖ ನೋಡಿ, "ಅಕ್ಕ ಅಂದಂಗ," ಎಂದಳು. ಮನೆಯಲ್ಲಿ ಹೆಚ್ಚು ಓದಿದವಳು ನಾನು. ನನ್ನ ಮಾತಿಗೆ ಆ ತೂಕ ಎಲ್ಲಿಂದ ಬಂತೋ, ಅದನ್ನು ಹೊರಲು ನನಗೆ ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಸಿಸ್ಟರಮ್ಮ ಡಬ್ಬಿ ಹೆಗಲಿಗೇರಿಸುತ್ತ ಅತ್ತೆಯ ಕಡೆ ತಿರುಗಿದರು. "ಯವ್ವಾ, ಬಸುರಿ ಅಂದ್ರ ಎರಡು ಜೀವ ಅಂತೀರಿ. ಇಬ್ಬರ ಊಟ ಬಡಸ್ತೀರಿ. ಸೂಜಿ ಮಾತ್ರ ಒಬ್ಬರದೂ ಬ್ಯಾಡ ಅಂತೀರಿ. ಇರ್ಲಿ, ಮತ್ತ ಬರ್ತೀನಿ."

ಅದಾದ ಮೇಲೆ ಅವರು ಮತ್ತೆ ಬಂದದ್ದೇ ಆ ಮೂರೂಕಾಲಿಗೆ. ಅಂದು ತಪಾಸಣೆಯ ದಿನ. ಜ್ವರ ಬಂದದ್ದಕ್ಕೆ ರೇಣುವನ್ನು ನಾವು ಕಳಿಸಿರಲಿಲ್ಲ. ಪಂಚಮಿಯ ಓಡಾಟ, ಉಂಡಿ ಕಟ್ಟಿದ ದಣಿವು, ನೋಡಲು ಬಂದ ಮಂದಿ ಎಂದು ನಮಗೆ ನಾವೇ ಹೇಳಿಕೊಂಡಿದ್ದೆವು. ಏದುಸಿರಿಗೆ ಅತ್ತೆಯ ಬಳಿ ಕಾರಣ ಸಿದ್ಧವಿತ್ತು: "ಎಂಟರಾಗ ಕೂಸು ಎದಿಗಿ ಒತ್ತತದ."

ಡಬ್ಬಿ ಕುರ್ಚಿಯಲ್ಲಿ ಕೂತಿತು. ಸಿಸ್ಟರಮ್ಮ ಕೂರಲಿಲ್ಲ. ರೇಣುವಿನ ಎದುರು ನಿಂತು, ಅವಳ ಕುತ್ತಿಗೆಯ ಕುಳಿ ಉಸಿರಿಗೊಮ್ಮೆ ಒಳಸೇರುವುದನ್ನೇ ನೋಡುತ್ತ, ಯಾವುದೋ ಮದುವೆಮನೆಗೆ ಬಂದವರ ದನಿಯಲ್ಲಿ ಕೇಳಿದರು: "ರೇಣವ್ವಾ, ಪಂಚಮ್ಯಾಗ ಒಡಪು ಭಾರಿ ಹೇಳಿದ್ಯಂತ? ಓಣಿ ತುಂಬ ಸುದ್ದಿ ಅದ. ನನಗೂ ಒಂದು ಹೇಳು ನೋಡಾಮು."

ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳುವ ಒಡಪಿನಲ್ಲಿ ರೇಣುವನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇಲ್ಲ. ಅವಳು ನಕ್ಕಳು. ಶುರು ಮಾಡಿದಳು.

"ಪಂಚಮಿ ಜೋಕಾಲಿ..." ಉಸಿರು. "ಕಟ್ಯಾರ..." ಉಸಿರು. "ಬೇವಿನ..."

ಮುಂದೆ ಹೋಗಲಿಲ್ಲ. ಟೊಂಗೆ ಎನ್ನುವ ಮಾತಿಗೆ ಅವಳಲ್ಲಿ ಗಾಳಿ ಇರಲಿಲ್ಲ.

ಸಿಸ್ಟರಮ್ಮ ಚೀಲದಿಂದ ತಮ್ಮ ಆಕ್ಸಿಮೀಟರ್ ತೆಗೆದು ಅವಳ ಬೆರಳಿಗೆ ಹಾಕಿದರು. ಎಂಬತ್ತೆಂಟು.

"ಮದರಂಗಿ ಅದ ಸಿಸ್ಟರ್, ಅದಕ್ಕ ತಪ್ಪು..." ಎಂದೆ. ದನಿ ನನ್ನದೇ ಎನಿಸಲಿಲ್ಲ.

ಅವರು ವಾದ ಮಾಡಲಿಲ್ಲ. ನನ್ನ ಕೈ ಹಿಡಿದು ಅದೇ ಯಂತ್ರವನ್ನು ನನ್ನ ಬೆರಳಿಗೆ ಸಿಕ್ಕಿಸಿದರು. ನನ್ನ ಬೆರಳಿಗೂ ಅದೇ ಮದರಂಗಿ. ಒಂದೇ ಬಟ್ಟಲಿನಲ್ಲಿ ಕಲಸಿ, ಒಂದೇ ದಿನ ಹಚ್ಚಿಕೊಂಡದ್ದು. ಅಂಕಿ ಮಿನುಗಿ ನಿಂತಿತು. ತೊಂಬತ್ತೆಂಟು.

"ಮದರಂಗಿ ಎಲ್ಲಾರಿಗೂ ಒಂದ ಅದ ಅಲ್ರೀ ಮೇಡಂ?" ಎಂದರು. ಅಷ್ಟೇ. ಆ ಮಾತಿನಲ್ಲಿ ಚುಚ್ಚು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಇರಲಿಲ್ಲ. ಅಷ್ಟರಲ್ಲಿ ಅವರು ನೂರಾ ಎಂಟಕ್ಕೆ ಫೋನು ಹಚ್ಚಿಯಾಗಿತ್ತು.

ಗಾಡಿ ಬರುವುದಕ್ಕೆ ಇಪ್ಪತ್ತು ನಿಮಿಷ, ಹೋಗುವುದು ರಾಯಚೂರಿಗೆ ಎಂದರು. ಮೈದುನ ಅಂಗಡಿಯಿಂದ ಓಡಿಬಂದು ಬಾಗಿಲಲ್ಲಿ ನಿಂತ, ಏನು ಮಾಡಬೇಕೆಂದು ತಿಳಿಯದೆ ಚಪ್ಪಲಿ ಬಿಡುವುದು, ಹಾಕುವುದು, ಬಿಡುವುದು ಮಾಡಿದ. ಆಗ ಅತ್ತೆ ಹೊಸ್ತಿಲಿಗೆ ಅಡ್ಡ ಬಂದು ನಿಂತರು.

"ರಾಯಚೂರಿಗೆ ಕಳಸಂಗಿಲ್ಲ. ಎಂಟರಾಗ ಬಸುರೀನ ಹೊಸ್ತಿಲ ದಾಟಸಬಾರದು. ಐದು, ಏಳು, ಒಂಬತ್ತು. ಎಂಟಲ್ಲ. ಇಲ್ಲೇ ಡಾಕ್ಟರನ ಕರೀರಿ."

ಇದನ್ನು ಮೂಢನಂಬಿಕೆ ಎಂದು ಒಂದೇ ಪದದಲ್ಲಿ ಮುಗಿಸಬಹುದಿತ್ತು. ನಾನು ಮುಗಿಸಲು ಬಾಯಿ ತೆರೆದೂ ಇದ್ದೆ. ಆದರೆ ಅತ್ತೆಯ ಸ್ವಂತ ಅಕ್ಕ ಎಂಟು ತಿಂಗಳ ಬಸುರಿಯಾಗಿ ಬಂಡಿಯಲ್ಲಿ ತವರಿಗೆ ಹೊರಟವಳು. ದಾರಿಯಲ್ಲೇ ಹೋಗಿಬಿಟ್ಟಳು. ಅತ್ತೆ ಆಗ ಬಂಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಒಂಬತ್ತು ವರ್ಷದ ಹುಡುಗಿ. ಈಗ ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು.

ಸಿಸ್ಟರಮ್ಮ ಅವರ ಹತ್ತಿರ ಹೋದರು. ಬೈಯಲಿಲ್ಲ, ಬೇಡಲಿಲ್ಲ. ಎಡಗೈ ಚಾಚಿ, ಹೆಬ್ಬೆರಳಿನಿಂದ ಬೆರಳ ಗೆರೆಗಳನ್ನು ಮುಟ್ಟುತ್ತ ಎಣಿಸತೊಡಗಿದರು.

"ಯಾರು ಅಂದ್ರು ಯವ್ವಾ ಎಂಟು ಅಂತ? ಎಣಸಾಮು ಬರ್ರಿ. ಎಳ್ಳಮಾಸಿ ಒಂದು. ಅವರಾತ್ರಿ ಅಮಾಸಿ ಎರಡು. ಶಿವರಾತ್ರಿ ಅಮಾಸಿ ಮೂರು. ಯುಗಾದಿ ಅಮಾಸಿ ನಾಕು. ಅದರ ಮುಂದಿಂದು ಐದು, ಅದರ ಮುಂದಿಂದು ಆರು. ಮಣ್ಣೆತ್ತಿನ ಅಮಾಸಿ ಏಳು. ಮೊನ್ನಿ ನಾಗರ ಅಮಾಸಿ ಎಂಟು. ಎಂಟು ಅಮಾಸಿ ದಾಟ್ಯಾವ. ಒಂಬತ್ತು ಬಿದ್ದು ವಾರ ಆತು. ಗಾಡ್ಯಾಗ ನಾನೂ ಜೋಡಿ ಕುಂತು ಹೋಗ್ತೀನಿ."

ನನಗೆ ಆಶ್ಚರ್ಯವಾಯಿತು. ಅಮಾವಾಸ್ಯೆಗಳಿಂದ ತಿಂಗಳು ಎಣಿಸುವ ಈ ಅಮಾಸಿ ಲೆಕ್ಕದ ಮೇಲೆ ಅವರಷ್ಟು ಸಿಟ್ಟು ಇದ್ದವರು ಇನ್ನೊಬ್ಬರಿಲ್ಲ. "ಅಮಾಸಿ ಎಣಿಸಿ ಡಾಕ್ಟರಿಗಿ ಹೇಳಬ್ಯಾಡ್ರಿ, ತಾರೀಕು ಹೇಳ್ರಿ" ಎಂದು ಹೇಳಿ ಹೇಳಿ ಗಂಟಲು ಸವೆಸಿಕೊಂಡವರು. ತಾಯಿ ಕಾರ್ಡಿನಲ್ಲಿ ವಾರ, ದಿನ ಹಾಕಿ ಬರೆದಿಟ್ಟವರು.

ಅತ್ತೆ ಆ ಬೆರಳುಗಳನ್ನು ನೋಡಿದರು. ಸಿಸ್ಟರಮ್ಮನ ಮುಖ ನೋಡಿದರು. ತುಟಿ ಅಲುಗಿತು, ಒಳಗೆ ತಾವೂ ಎಣಿಸುತ್ತಿದ್ದರು. ಆಮೇಲೆ ಚೌಕಟ್ಟಿನಿಂದ ಕೈ ತೆಗೆದರು.

"ಒಂಬತ್ತು ಆದ್ರ ಹೋಗ್ಲಿ," ಎಂದರು.

ಗಾಡಿಯಲ್ಲಿ ರೇಣುವನ್ನು ತಲೆಭಾಗ ಎತ್ತರಿಸಿ ಎಡಮಗ್ಗುಲಿಗೆ ಮಲಗಿಸಿ ಆಮ್ಲಜನಕದ ಮಾಸ್ಕು ಹಾಕಿದರು. ಸಿಸ್ಟರಮ್ಮನ ಕೆಲಸ ಅಲ್ಲಿಗೆ ಮುಗಿದಿತ್ತು, ಆದರೂ ಅವರು ಮಾತು ಉಳಿಸಿಕೊಂಡರು. ಡಬ್ಬಿಯನ್ನು ಅಷ್ಟರಲ್ಲಿ ಓಡಿಬಂದಿದ್ದ ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟು, "ಕುರ್ಚಿ ಮ್ಯಾಲ ಇಡಬೇಕು ನೋಡು," ಎಂದು ಹೇಳಿ ಹತ್ತಿ ಕೂತರು. ಜೊತೆಗೆ ಹತ್ತಿದ್ದ ನನ್ನ ಕೈಯನ್ನು ರೇಣುವಿನ ಹೊಟ್ಟೆಯ ಮೇಲೆ ಇಟ್ಟರು. "ಮೇಡಂ, ನೀವು ಓದಿದೋರು. ಕೂಸು ಎಷ್ಟು ಸಲ ಒದೀತದ ಎಣಸ್ರಿ."

ಗಬ್ಬೂರು ಬರುವ ತನಕ ನಾಲ್ಕು. ಗಬ್ಬೂರು ದಾಟಿದ ಮೇಲೆ ಒಂದೂ ಇಲ್ಲ. ಕಿಟಕಿಯಲ್ಲಿ ಹತ್ತಿಯ ಹೊಲಗಳು ಸಾಗುತ್ತಿದ್ದವು.

"ಸಿಸ್ಟರ್, ನಾನ ಬ್ಯಾಡ ಅಂದಿದ್ದೆ. ಆಕಿಗೆ ಸೂಜಿ ಬ್ಯಾಡ ಅಂತ ನಾನ ಅಂದಿದ್ದೆ."

ಅಯ್ಯೋ, ನಿಮ್ಮದೇನು ತಪ್ಪು ಎಂದು ಯಾರಾದರೂ ಹೇಳುತ್ತಿದ್ದರು. ಅವರು ಹೇಳಲಿಲ್ಲ. "ಹೌದ್ರಿ, ನೀವ ಅಂದಿದ್ರಿ. ಅದರ ಜಗಳ ಆಮ್ಯಾಲ ಆಡಾಮು. ಈಗ ಕೈ ತಗೀಬ್ಯಾಡ್ರಿ."

ಕೈ ತೆಗೆಯಲಿಲ್ಲ. ರಸ್ತೆಯ ಒಂದು ದೊಡ್ಡ ಗುಂಡಿಗೆ ಗಾಡಿ ಎಗರಿತು. ಅಂಗೈಗೆ ಒಳಗಿನಿಂದ ಒಂದು ಒದೆತ ಬಿತ್ತು, ಸಿಟ್ಟಿನದು.

"ಐದು!" ಎಂದು ಕಿರುಚಿದೆ.

"ರಸ್ತಿ ಮಾಡಿದವನಿಗೆ ಒದ್ದದ ಅದು," ಎಂದರು ಸಿಸ್ಟರಮ್ಮ. ಮಾಸ್ಕಿನೊಳಗೆ ರೇಣುವಿನ ಕಣ್ಣು ನಕ್ಕವು.

ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಕೊರೊನಾ ಎಂದರು. ಹನ್ನೊಂದು ದಿನ. ಮೊದಲ ಮೂರು ದಿನ ಡಾಕ್ಟರು ನಮ್ಮ ಕಣ್ಣು ತಪ್ಪಿಸಿ ಮಾತಾಡುತ್ತಿದ್ದರು. ಇನ್ನೂ ಅರ್ಧ ದಿನ ತಡವಾಗಿದ್ದರೆ, ಎಂದು ಒಬ್ಬರು ಶುರುಮಾಡಿ ಮಾತು ನುಂಗಿದರು. ನುಂಗಿದ ಮಾತು ನನ್ನ ಹೊಟ್ಟೆಗೆ ಬಂದು ಕೂತಿತು. ನಾಲ್ಕನೇ ದಿನ ಮನೆಯಲ್ಲಿ ಎಲ್ಲರಿಗೂ ಪರೀಕ್ಷೆಯಾಗಿ ನನಗೂ ಕೊರೊನಾ ಇದೆ ಎಂದು ಗೊತ್ತಾಯಿತು. ಸ್ವಲ್ಪ ಗಂಟಲು ಕೆರೆತ ಬಿಟ್ಟರೆ ನನಗೇನೂ ಆಗಿರಲಿಲ್ಲ. ಬೇರೆ ಕೋಣೆಯಲ್ಲಿ ಕೂತು ನಾನು ಫೋನು ಹಿಡಿದೇ ಇದ್ದೆ. ಸಿಸ್ಟರಮ್ಮ ದಿನಕ್ಕೆರಡು ಸಲ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಒಡಪು ಎಲ್ಲಿ ತನಕ ಬಂತು?" ಆಸ್ಪತ್ರೆಯಲ್ಲಿ ರೇಣುವಿನ ಜೊತೆಗಿದ್ದ ಯರಗೇರಾದ ಅವಳ ತಾಯಿಗೂ ಈ ಲೆಕ್ಕ ಕಲಿಸಿಬಿಟ್ಟಿದ್ದರು. ಐದನೇ ದಿನ ಒಡಪು ಒಂದೇ ಉಸಿರಿಗೆ ಬೇವಿನ ತನಕ ಬಂತು. ಎಂಟನೇ ದಿನ ಟೊಂಗೆಗೆ ಮುಟ್ಟಿತು. ಗಂಡನ ಹೆಸರಿಗೆ ಬರುವಷ್ಟರಲ್ಲಿ ಮನೆಗೆ ಕಳಿಸಿದರು.

ದಸರೆ ಮುಗಿದ ಮೇಲೆ ರೇಣು ಹೆಣ್ಣು ಹಡೆದಳು, ದಿನ ತುಂಬಿ, ಎಲ್ಲ ಸರಿಯಾಗಿ. ಬಾಣಂತನ ನಮ್ಮ ಮನೆಯಲ್ಲೇ. ಎಲ್ಲರೂ ಮರೆತರು. ನಾನೊಬ್ಬಳೇ ಮರೆಯಲಿಲ್ಲ. ದಿನಾ ರಾತ್ರಿ ಎರಡೂ ನಲವತ್ತಕ್ಕೆ ಎಚ್ಚರವಾಗುತ್ತಿತ್ತು. ಅದು ಹಗಲಿನ ಹೊತ್ತು, ಇದು ರಾತ್ರಿಯದು ಎಂಬ ಫರಕು ನನ್ನ ತಲೆಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಬಾಣಂತಿಯ ಬೆರಳಿಗೆ ಯಂತ್ರ ಹಾಕಿ ನೋಡುತ್ತಿದ್ದೆ. ಮೊದಮೊದಲು ಅವಳು ಎಚ್ಚರಗೊಳ್ಳುತ್ತಿದ್ದಳು. ಆಮೇಲೆ ನಿದ್ದೆಯಲ್ಲೇ ಬೆರಳು ಚಾಚಲು ಕಲಿತಳು.

ಬರಬೇಕಾದ ಜಗಳ ಮಾತ್ರ ಬರಲಿಲ್ಲ. ಅದರ ಬದಲು ಫೋನು ಬರುತ್ತಿತ್ತು. "ಮೇಡಂ, ಇಲ್ಲೊಬ್ರು ನಿಮ್ಮಂಗ ಮಾತಾಡಾಕತ್ಯಾರ. ಬಸುರಿ ಅದಾರ, ಸೂಜಿ ಬ್ಯಾಡ ಅಂತಾರ. ಜಲ್ದಿ ಬಂದು ನಿಮ್ಮ ಕತಿ ಹೇಳ್ರಿ." ಹೋಗುತ್ತಿದ್ದೆ. ಅಪರಿಚಿತರ ಪಡಸಾಲೆಯಲ್ಲಿ ಡಬ್ಬಿಯ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಮಾಡಿದ್ದನ್ನು ಮೊದಲಿನಿಂದ ಕೊನೆಯ ತನಕ ಹೇಳುತ್ತಿದ್ದೆ, ಮದರಂಗಿಯದ್ದನ್ನೂ ಬಿಡದೆ. ಅವರು ಕೇಳಿ ತೋಳು ಚಾಚಿದರೆ ಸಿಸ್ಟರಮ್ಮ ಗೆದ್ದವರಂತೆ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದರು. ಒಮ್ಮೆ ಕೇಳಿದೆ, "ಇದ ಏನು ಸಿಸ್ಟರ್ ನೀವು ಅಂದಿದ್ದ ಜಗಳ?"

"ಮತ್ತ? ನಾ ಕೈ ಮಾಡಂಗಿಲ್ರಿ, ದುಡಸ್ತೀನಿ."

ಗುಣವಾಗಿ ಮೂರು ತಿಂಗಳು ಕಳೆದ ಮೇಲೆ ರೇಣುವಿಗೆ ಲಸಿಕೆ ಹಾಕಬಹುದು ಎಂದಿದ್ದರು. ಮತ್ತೊಂದು ಅಲೆಯ ಸುದ್ದಿ ಟಿವಿಯಲ್ಲಿ ಶುರುವಾಗಿತ್ತು. ಎಳ್ಳಮಾಸಿಗೆ ಇನ್ನು ವಾರ ಇರುವಾಗ ಸಿಸ್ಟರಮ್ಮ ಬಂದರು. ಡಬ್ಬಿಗೆ ಕುರ್ಚಿ ಕೇಳಲು ಬಾಯಿ ತೆರೆದವರು ಸುಮ್ಮನಾದರು. ಪಡಸಾಲೆಯಲ್ಲಿ ಅತ್ತೆ ಆಗಲೇ ಎರಡು ಕುರ್ಚಿ ಹಾಕಿಸಿದ್ದರು. ಚಹಾ ಬಂತು. ಸಿಸ್ಟರಮ್ಮ ಲೋಟವನ್ನು ತಿರುಗಿಸಿ ನೋಡಿ, ಕಿಟಕಿಯ ಕಡೆ ನೋಡಿದರು. ಕಿಟಕಿ ಖಾಲಿ.

"ಯವ್ವಾ, ನನ್ನ ಲೋಟ ಎಲ್ಲಿ ಹೋತ್ರಿ?"

"ಎಲ್ಲಾ ಲೋಟದಾಗ ಕೂಡಿ ಹೋಗ್ಯಾದ. ಹುಡುಕಿದ್ರ ಸಿಗಂಗಿಲ್ಲ," ಎಂದರು ಅತ್ತೆ, ಕೂಸಿನ ಕುಲಾಯಿ ಸರಿಪಡಿಸುತ್ತ, ಮುಖ ಎತ್ತದೆ.

"ಚಲೋ ಆತು ಬಿಡ್ರಿ. ಅದರ ಅಂಚು ಹರಿತ ಇತ್ತು, ತುಟಿ ಕೊಯ್ತಿತ್ತು."

ರೇಣು ತೋಳು ಚಾಚಿ ಕೂತಳು. "ಮೊದಲ ಒಡಪು, ಆಮ್ಯಾಲ ಸೂಜಿ," ಎಂದರು ಸಿಸ್ಟರಮ್ಮ. ರೇಣು ಉಸಿರು ಎಳೆದುಕೊಂಡಳು.

"ಪಂಚಮಿ ಜೋಕಾಲಿ ಕಟ್ಯಾರ ಬೇವಿನ ಟೊಂಗಿಗಿ, ಶರಣಪ್ಪನ ಹೆಸರ ಹೇಳ್ತೀನಿ ಕೂಡಿದ ಮಂದಿಗಿ!"

ಒಂದೇ ಉಸಿರು. ಕೊನೆಯಲ್ಲಿ ಇನ್ನೂ ಗಾಳಿ ಉಳಿದಿತ್ತು, ಅದರಲ್ಲಿ ನಕ್ಕಳು. ನಗುವಾಗಲೇ ಸೂಜಿ ಒಳಗೆ ಹೋಗಿ ಹೊರಗೆ ಬಂದಿತ್ತು. ಅದಾದ ಮೇಲೆ ಅತ್ತೆ, ಇಷ್ಟು ದಿನ ಏನೇನೋ ನೆಪ ಹೇಳಿ ಜಾರಿಕೊಂಡವರು, ತಾವೇ ಸೆರಗು ಸರಿಸಿ ತೋಳು ಮುಂದೆ ಮಾಡಿದರು.

ಹೋಗುವಾಗ ಸಿಸ್ಟರಮ್ಮ ನನ್ನ ಕಣ್ಣ ಕೆಳಗಿನ ಕಪ್ಪನ್ನು ನೋಡಿದರು. ರೇಣು ಹೇಳಿರಬೇಕು. ಕೈ ಚಾಚಿ, "ಮಿಷನ್ ಕೊಡ್ರಿ," ಎಂದರು. ಕೊಟ್ಟೆ. ಚೀಲಕ್ಕೆ ಹಾಕಿಕೊಂಡರು. "ಇವತ್ತು ಇಬ್ಬರಿಗೂ ಮೈ ಬಿಸಿ ಆಗಬಹುದು. ಗುಳಿಗಿ ಕೊಟ್ಟೀನಿ. ಆ ಜ್ವರ ನಿಮ್ಮದಲ್ಲ, ನಂದು. ನಾ ಕೊಟ್ಟದ್ದು. ಹೇಳಿದ ಹೊತ್ತಿಗೆ ಹೋಗ್ತದ. ನೀವು ಮಕ್ಕೋರಿ."

ಸಂಜೆ ಅತ್ತೆ ತೋಳು ನೀವಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಿದ್ದರು. ನಾನು ತೊಳೆದ ಲೋಟಗಳನ್ನು ಒರೆಸುತ್ತಿದ್ದೆ. ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ.

"ಮುಂದಿನ ವಾರ ಎಳ್ಳಮಾಸಿ," ಎಂದರು ಅತ್ತೆ. "ಹೋದ ಸಲ ಎಳ್ಳಮಾಸಿ ಅಡಗಿ ಪೂರಾ ರೇಣು ಒಬ್ಬಾಕಿನ ಮಾಡಿದ್ಲು. ಭಜ್ಜಿಪಲ್ಲೆ, ಕಡುಬು, ಎಲ್ಲಾ."

"ಹೌದ್ರಿ."

"ಆಕಿ ಹೊರಗಾಗಿದ್ದು ಅದರ ಮೂರನೇ ದಿನಕ್ಕ."

ನನ್ನ ಕೈ ನಿಂತಿತು. ಅಮಾಸಿ ಆದ ಮೂರನೇ ದಿನ ಮುಟ್ಟಾದವಳ ಬಸಿರಿಗೆ ಆ ಅಮಾಸಿ ಸೇರುವುದು ಹೇಗೆ? ಎಳ್ಳಮಾಸಿ ಒಂದು, ಎಂದಿದ್ದರು ಸಿಸ್ಟರಮ್ಮ. ಹೆಬ್ಬೆರಳು ಮೊದಲ ಗೆರೆ ಮುಟ್ಟಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿತ್ತು. ಅದನ್ನು ಬಿಟ್ಟು ಎಣಿಸಿದರೆ ಏಳು. ನಡೆಯುತ್ತಿದ್ದದ್ದು ಎಂಟೇ.

"ಅತ್ತಿ, ಹಂಗಾದ್ರ ಒಂದು ಅಮಾಸಿ..."

"ಜಾಸ್ತಿ ಇತ್ತು."

"ನಿಮಗ ಅವತ್ತ ಗೊತ್ತಿತ್ತೇನ್ರಿ?"

"ನನಗ ಲೆಕ್ಕ ಬರಂಗಿಲ್ಲೇನು? ಅರವತ್ತು ವರ್ಷದಿಂದ ಅಮಾಸಿ ಎಣಸಾಕತ್ತೀನಿ." ಅತ್ತೆ ಬೀದಿಯ ಕಡೆ ನೋಡಿದರು. "ಆಕಿ ಬೇಕಂತ ತಪ್ಪು ಎಣಿಸಿದ್ಲು. ನಾ ಬೇಕಂತ ಹೌದಂದೆ. ನಮ್ಮಕ್ಕನ್ನ ಬಂಡ್ಯಾಗ ಹತ್ತಿಸಿದ ದಿನ, ಹಂಗ ಜೋಡಿ ಕುಂತು ಹೋಗೋ ತಿಳದವರು ಯಾರೂ ಇರಲಿಲ್ಲವ್ವಾ."

ಒಳಗೆ ಕೂಸು ಅತ್ತಿತು, ರೇಣು ಜೋಗುಳದ ಬದಲು ಒಡಪು ಹೇಳಿ ಸುಮ್ಮನಾಗಿಸಿದಳು. ರಾತ್ರಿ ಅವಳಿಗೂ ಅತ್ತೆಗೂ ಮೈ ಬಿಸಿಯಾಯಿತಂತೆ, ಗುಳಿಗೆ ನುಂಗಿದರಂತೆ, ಹೇಳಿದ ಹೊತ್ತಿಗೆ ಇಳಿಯಿತಂತೆ. ಇದೆಲ್ಲ ನನಗೆ ಬೆಳಿಗ್ಗೆ ಅವರೇ ಹೇಳಿದ್ದು. ನಾನು ಕಣ್ಣು ಬಿಟ್ಟಾಗ ಹಾಲಿನವನು ಬಂದು ಹೋಗಿದ್ದ, ಪಡಸಾಲೆಯ ಗಡಿಯಾರ ಏಳೂವರೆ ತೋರಿಸುತ್ತಿತ್ತು. ಅದರಲ್ಲಿ ಐದು ನಿಮಿಷ ಕಳೆಯುವ ಗೋಜಿಗೆ ನಾನು ಹೋಗಲಿಲ್ಲ.